ತಣ್ಣೀರು ಮುಟ್ಟಬಾರದ ದಿನಗಳು

ಡಿಸೆಂಬರ್ ಇಪ್ಪತ್ತೊಂದು, ಶನಿವಾರ, ಬೆಳಿಗ್ಗೆ ಏಳೂವರೆ. ಅಂಗಳದ ಕೈಪಂಪಿನ ಬಳಿ ಜೂರಾಕಾನ್‌ಗೆ ಉಸಿರು ಕಟ್ಟಿತು.

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿತ್ತು. ನಾರಿನ್ ಸೀಮೆಯ ಆ ಎತ್ತರಕ್ಕೆ ಅದೇನೂ ಹೆಚ್ಚಿನ ಚಳಿಯಲ್ಲ. ಹಿಂದಿನ ದಿನ ಗಂಡಸರು ಚಳಿಗಾಲದ ಮಾಂಸಕ್ಕೆಂದು ಕುದುರೆ ಕಡಿದು ತಮ್ಮ ಕೆಲಸ ಮುಗಿಸಿದ್ದರು. ಕರುಳು ತೊಳೆದು, ಪಕ್ಕೆಲುಬಿನ ಮಾಂಸ ಮತ್ತು ಕೊಬ್ಬು ತುಂಬಿ, ಚುಚುಕ್ ಕಟ್ಟುವುದು ಹೆಂಗಸರ ಪಾಲಿನದು. ಸೊಸೆ ಪೆರಿಜಾತ್ ಒಲೆಯ ಪಕ್ಕ ಎರಡು ಬಕೆಟ್ ಬಿಸಿನೀರು ಇಟ್ಟು ಹಸು ಕರೆಯಲು ಹೋಗಿದ್ದಳು. ಅತ್ತೆ ಆ ನೀರಿಗೆ ಬೆರಳು ಅದ್ದಿ ನೋಡಿದಳು. ಬಿಸಿನೀರು ತಗುಲಿದರೆ ಕರುಳಿಗೆ ಅಂಟಿದ ಕೊಬ್ಬು ಕರಗಿಹೋಗುತ್ತದೆ. ನಲವತ್ತು ವರ್ಷ ಚುಚುಕ್ ಕಟ್ಟಿದ ಕೈ ಅದನ್ನು ಸಹಿಸದು. ಅವಳು ಕರುಳನ್ನು ಎತ್ತಿಕೊಂಡು ತಾನೇ ಹೊರಗೆ ಹೋಗಿ, ಕಬ್ಬಿಣದ ಬೋಗುಣಿಗೆ ನೀರು ಹೊಡೆದು, ಎರಡೂ ಕೈಯನ್ನು ಮೊಣಕೈವರೆಗೆ ಅದರೊಳಗೆ ಇಳಿಬಿಟ್ಟಳು.

ಬೋಗುಣಿ ಮಗುಚಿದ ಸದ್ದು ಕೊಟ್ಟಿಗೆಗೆ ಕೇಳಿಸಿತು. ಪೆರಿಜಾತ್ ಓಡಿ ಬಂದಾಗ ಅತ್ತೆ ಹಿಮದ ಮೇಲೆ ಮಂಡಿಯೂರಿ, ಒಂದು ಕೈಯಿಂದ ಕೊರಳು ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ಕಣ್ಣು ಅಗಲವಾಗಿತ್ತು. ಅಷ್ಟರಲ್ಲಿ ಮನೆಯೊಳಗಿಂದ ಬುರುಲ್ಚಾ ಬಂದಳು. ಜೂರಾಕಾನ್‌ನ ತೀರಿಹೋದ ಗಂಡನಿಗೆ ಅಕ್ಕ, ಎಪ್ಪತ್ತು ದಾಟಿದವಳು, ಆ ಮನೆತನದಲ್ಲಿ ಈಗ ಎಲ್ಲರಿಗಿಂತ ಹಿರಿಯಳು. ಚುಚುಕ್ ಕೆಲಸಕ್ಕೆಂದೇ ಪಕ್ಕದ ಊರಿನಿಂದ ಬಂದಿದ್ದಳು. ಕೈಯಲ್ಲಿ ಒಂದು ಬಟ್ಟಲು ತಣ್ಣೀರಿತ್ತು.

"ಗಂಟಲಿಗೆ ಏನೋ ಸಿಕ್ಕೊಂಡಿದೆ. ಕುಡಿಯೇ, ಒಂದು ಗುಟುಕು ಕುಡಿ" ಎಂದು ಬಟ್ಟಲನ್ನು ಜೂರಾಕಾನ್‌ನ ತುಟಿಗೆ ಹಿಡಿದಳು.

ಪೆರಿಜಾತ್ ಆ ಬಟ್ಟಲನ್ನು ಅವಳ ಕೈಯಿಂದ ಕಸಿದು ಹಿಮಕ್ಕೆ ಎಸೆದಳು.

ಮದುವೆಯಾಗಿ ಎಂಟು ವರ್ಷಗಳಲ್ಲಿ ಪೆರಿಜಾತ್ ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಅವರೆದುರು ದನಿ ಎತ್ತಿದವಳಲ್ಲ. ಬುರುಲ್ಚಾ ಖಾಲಿ ಕೈ ಚಾಚಿಕೊಂಡು ಹಾಗೇ ನಿಂತುಬಿಟ್ಟಳು. ಪೆರಿಜಾತ್ ತನ್ನ ಉಣ್ಣೆಯ ಶಾಲು ಬಿಚ್ಚಿ ಅತ್ತೆಯ ಮೂಗು ಬಾಯಿ ಮುಚ್ಚಿ, ಕಂಕುಳಿಗೆ ಕೈಕೊಟ್ಟು ಎಬ್ಬಿಸಿ, ಒಳಗೆ ಒಲೆಯ ಮುಂದೆ ಕೂರಿಸಿದಳು.

"ಅತ್ತೆ, ನನ್ನ ನೋಡಿ. ಶಾಲಿನೊಳಗೇ ಉಸಿರಾಡಿ. ಗಂಟಲು ಮುಚ್ಚಿಲ್ಲ. ಮುಚ್ಚಿದ ಹಾಗೆ ಅನ್ನಿಸ್ತಿದೆ, ಅಷ್ಟೇ. ಏನಾದ್ರೂ ಮಾತಾಡಿ."

"ಸಾಯ್ತೀನಿ" ಎಂದಳು ಜೂರಾಕಾನ್.

"ಮಾತು ಬಂತಲ್ಲ. ಗಾಳಿ ಹೋಗ್ತಿದೆ ಅಂತ ಅರ್ಥ. ಇನ್ನೊಂದು ಹೇಳಿ."

"ಕರುಳು ಹೊರಗೇ ಬಿತ್ತು. ನಾಯಿ ತಿನ್ನತ್ತೆ."

"ತಿನ್ನಲಿ ಬಿಡಿ."

ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಯಂತ್ರ ಕಪಾಟಿನಲ್ಲಿತ್ತು. ಮೊದಲು ಅದು ಏನೂ ತೋರಿಸಲಿಲ್ಲ. ಬೆರಳು ಅಷ್ಟು ತಣ್ಣಗಿತ್ತು. ಪೆರಿಜಾತ್ ಆ ಕೈಯನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಮತ್ತೆ ಸಿಕ್ಕಿಸಿದಳು. ತೊಂಬತ್ತನಾಲ್ಕು. ಆ ಎತ್ತರದ ಊರಿನಲ್ಲಿ ಆರೋಗ್ಯವಂತರಿಗೂ ಅಷ್ಟೇ ಇರುತ್ತದೆ. ತುಟಿ ನೀಲಿಯಾಗಿರಲಿಲ್ಲ, ಮೈಮೇಲೆ ದದ್ದು ಎದ್ದಿರಲಿಲ್ಲ, ಉಸಿರಿನಲ್ಲಿ ಸಿಳ್ಳೆಯ ಸದ್ದಿರಲಿಲ್ಲ. ಕಾಲು ಗಂಟೆಯಲ್ಲಿ ಗಂಟಲು ಸಡಿಲವಾಯಿತು. ಬೆರಳುಗಳ ಜುಮುಜುಮು ಮಾತ್ರ ಹೋಗಲಿಲ್ಲ.

ಪೆರಿಜಾತ್‌ಗೆ ಇದೆಲ್ಲ ಗೊತ್ತಿತ್ತು. ಯಾರಿಗೆ ಗೊತ್ತಿರಬೇಕಿತ್ತೋ ಅವಳಿಗೆ ಮಾತ್ರ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಯಲ್ಲಿ ಜೂರಾಕಾನ್‌ನ ದೊಡ್ಡ ಕರುಳಿನಿಂದ ತೆಗೆದದ್ದು ಕ್ಯಾನ್ಸರ್ ಗಡ್ಡೆ. ಹತ್ತಿರದ ಮೂರು ಗ್ರಂಥಿಗಳಿಗೂ ಅದು ಹರಡಿತ್ತು. ಆ ಮಾತನ್ನು ವೈದ್ಯೆ ರೋಜಾ ತುರ್ಸುನೊವ್ನಾ ಪಡಸಾಲೆಯಲ್ಲಿ ನಿಲ್ಲಿಸಿ ಮಗನಿಗೂ ಸೊಸೆಗೂ ಹೇಳಿದ್ದರು. ಇಂಥ ಸುದ್ದಿಯನ್ನು ರೋಗಿಗೆ ಹೇಳದೆ ಮನೆಯವರಿಗೆ ಹೇಳುವುದು ಅಲ್ಲಿ ಹಳೆಯ ರೂಢಿ. ಊರಿನಲ್ಲಂತೂ ಆ ಹೆಸರನ್ನೇ ಎತ್ತುವುದಿಲ್ಲ; 'ಕೆಟ್ಟ ರೋಗ' ಅನ್ನುತ್ತಾರೆ, ಅದನ್ನೂ ತಗ್ಗಿದ ದನಿಯಲ್ಲಿ. ಮಗ ತಾಲಾಯ್ ಅಲ್ಲೇ ತೀರ್ಮಾನಿಸಿಬಿಟ್ಟಿದ್ದ: ಅಮ್ಮನಿಗೆ ಹುಣ್ಣು ತೆಗೆದರು, ಡ್ರಿಪ್ಪು ಶಕ್ತಿಗೆ, ಮಾತ್ರೆ ವಿಟಮಿನ್. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ, ಯಾವುದೋ ಜರ್ಮನ್ ವಿಟಮಿನ್ನಿನ ಖಾಲಿ ಡಬ್ಬಿಗೆ ತುಂಬಿದವನೂ ಅವನೇ. ಮೂರು ವಾರಕ್ಕೊಮ್ಮೆ ಡ್ರಿಪ್ಪು, ಒಟ್ಟು ಎಂಟು. ಎರಡನೆಯದು ಗುರುವಾರ ಮುಗಿದಿತ್ತು, ಶುಕ್ರವಾರ ದೊಲೋನ್ ಕಣಿವೆ ದಾಟಿ ಮನೆಗೆ ಬಂದಿದ್ದರು.

ಆ ಡ್ರಿಪ್ಪಿನ ಮದ್ದು ಮೈಗೆ ಸೇರಿದ ಮೊದಲ ಐದಾರು ದಿನ ನರಗಳು ಚಳಿಯನ್ನು ತಡೆಯುವುದಿಲ್ಲ. ತಣ್ಣಗಿನದು ಮುಟ್ಟಿದರೆ ಮುಳ್ಳು ಚುಚ್ಚುತ್ತದೆ, ತಣ್ಣಗಿನದು ನುಂಗಿದರೆ ಗಾಜು ನುಂಗಿದ ಹಾಗಾಗುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಗಂಟಲು ಮುಚ್ಚಿದಂತೆ ಅನ್ನಿಸಿ ಜೀವ ಹೋದಷ್ಟು ಭಯವಾಗುತ್ತದೆ. ವೈದ್ಯೆ ಇದನ್ನು ಬಿಡಿಸಿ ಹೇಳಿದ್ದರು. ಅತ್ತೆಗೆ ಹೇಳುವಂತಿರಲಿಲ್ಲವಾದ್ದರಿಂದ ಆ ಎಚ್ಚರಿಕೆಯನ್ನು ಪೆರಿಜಾತ್ ಕೈಯಾರೆ ಮಾಡಬೇಕಾಗಿ ಬಂತು. ಬಾಗಿಲಿನ ಕಬ್ಬಿಣದ ಹಿಡಿಗೆ ದಪ್ಪ ಉಣ್ಣೆಯ ತುಂಡು ಹೊಲಿದಳು. ಚಮಚವನ್ನು ಬಿಸಿ ಚಹಾದಲ್ಲಿ ಅದ್ದಿ ಕೊಟ್ಟಳು. ಮಜ್ಜಿಗೆಯನ್ನೂ ಬೆಚ್ಚಗೆ ಮಾಡಿ ಬಡಿಸಿದಳು. "ನನ್ನ ಸೊಸೆ ಬಾಗಿಲಿಗೆ ಕೋಟು ಹೊಲಿದಿದ್ದಾಳೆ, ಮುಂದಿನ ವಾರ ಪಂಪಿಗೆ ಟೋಪಿ ಹಾಕ್ತಾಳೆ" ಎಂದು ಜೂರಾಕಾನ್ ನೆರೆಹೊರೆಯವರ ಮುಂದೆ ಆಡಿಕೊಂಡಿದ್ದಳು. ಪೆರಿಜಾತ್ ನಕ್ಕುಬಿಟ್ಟಿದ್ದಳು.

ಒಂಬತ್ತು ಗಂಟೆಗೆ ಬುರುಲ್ಚಾ ತೀರ್ಪು ಕೊಟ್ಟಳು. ಒಲೆಯ ಎದುರಿನ ಗೌರವದ ಜಾಗದಲ್ಲಿ ಕೂತು, ಜೂರಾಕಾನ್‌ಗೂ ಆಗಷ್ಟೇ ಕುದುರೆಗಳನ್ನು ನೋಡಿ ಬಂದ ತಾಲಾಯ್‌ಗೂ ಕೇಳುವಂತೆ ಹೇಳಿದಳು:

"ನಡೆದುಕೊಂಡು ಆಸ್ಪತ್ರೆಗೆ ಹೋದವಳು ಹೊತ್ತು ತರೋ ಹಾಗಾಗಿದ್ದಾಳೆ. ಹುಣ್ಣು ತೆಗೆದಾಯ್ತು ತಾನೆ? ಇನ್ನೆಂಥಾ ಡ್ರಿಪ್ಪು? ಆ ನೀರೇ ಇವಳ ಕತ್ತು ಹಿಸುಕಿದ್ದು. ಸಾಕು. ಬೆಟ್ಟದ ಬಿಲದಲ್ಲಿರೋ ಮಾರ್ಮೊಟ್ ಪ್ರಾಣಿ ಕೊಬ್ಬು ಕಳಿಸ್ತೀನಿ, ವಸಂತಕ್ಕೆ ಕುದುರೆಯ ಹುಳಿಹಾಲು, ಕುಮಿಸ್ ಕುಡಿಸೋಣ. ರಕ್ತ ತಾನೇ ತುಂಬ್ಕೊಳ್ಳತ್ತೆ."

"ನಾನೂ ಅದೇ ಅಂದ್ಕೊಂಡೆ ಅಕ್ಕ" ಎಂದಳು ಜೂರಾಕಾನ್. "ವಿಟಮಿನ್ ಹಾಕಿಸ್ಕೊಳ್ಳೋಕೆ ಮುನ್ನೂರೈವತ್ತು ಕಿಲೋಮೀಟರ್ ಹೋಗೋ ಹುಚ್ಚಿ ನಾನೊಬ್ಬಳೇ. ಜನವರಿಗೆ ಹೋಗಲ್ಲ."

ಬುರುಲ್ಚಾ ಸೊಸೆಯತ್ತ ತಿರುಗಿ, "ಆ ಬಟ್ಟಲು ನನ್ನ ಅಪ್ಪನ ಕಾಲದ್ದು. ಒಡೀಲಿಲ್ಲ, ನಿನ್ನ ಪುಣ್ಯ" ಎಂದಳು.

ಪೆರಿಜಾತ್ ಗಂಡನನ್ನು ಕೊಟ್ಟಿಗೆಗೆ ಕರೆದಳು.

"ಅವರಿಗೆ ಹೇಳಿಬಿಡೋಣ" ಎಂದಳು.

"ಬೇಡ. ನಮ್ಮ ಚಿಕ್ಕಪ್ಪಂಗೆ ಹೇಳಿದ್ರು. ಎರಡು ತಿಂಗಳು ಇರಲಿಲ್ಲ. ಭಯಕ್ಕೇ ಊಟ ಬಿಟ್ಟು ಹೋದ."

"ಭಯಕ್ಕಲ್ಲ. ರೋಗ ಮೈಯೆಲ್ಲಾ ಹರಡಿದ ಮೇಲೆ ಡಾಕ್ಟರ ಹತ್ರ ಹೋಗಿದ್ದಕ್ಕೆ ಹೋದ್ರು."

"ನೀನು ಡಾಕ್ಟರಾ?"

"ಅಲ್ಲ. ಸರಿ, ಡಾಕ್ಟರನ್ನೇ ಕೇಳೋಣ."

ರೋಜಾ ತುರ್ಸುನೊವ್ನಾ ಫೋನು ಎತ್ತಿದರು. ಆಮ್ಲಜನಕ ಎಷ್ಟಿತ್ತು, ಮಾತು ಬರುತ್ತಿತ್ತೇ, ದದ್ದು ಎದ್ದಿತ್ತೇ ಎಂದು ಕೇಳಿ, ಉತ್ತರ ಕೇಳಿಸಿಕೊಂಡರು. "ನೀವು ಮಾಡಿದ್ದು ಸರಿ. ಮುಂದಿನ ಸಲ ಎರಡು ಗಂಟೆ ಬದಲು ಆರು ಗಂಟೆ ಹೊತ್ತು ನಿಧಾನವಾಗಿ ಹರಿಸ್ತೀವಿ, ಆಗ ಇಷ್ಟು ಜೋರಾಗಿ ಬರಲ್ಲ. ಅದರ ಮೇಲೂ ಉಸಿರಿನ ತೊಂದರೆ ಹೆಚ್ಚಾದ್ರೆ ಕಾಯಬೇಡಿ, ನಾರಿನ್ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇನ್ನೊಂದು ಮಾತು. ಅವರಿಗೆ ಗೊತ್ತಿಲ್ಲದೆ ಮೂರನೇದು ನಾನು ಹಾಕಲ್ಲ. ನಿಮ್ಮ ಮನೆಯವರು ಕೇಳ್ಕೊಂಡ್ರು ಅಂತ ಸುಮ್ಮನಿದ್ದೆ, ಅದು ನನ್ನದೂ ತಪ್ಪೇ. ನೀವು ಹೇಳಿ, ಇಲ್ಲ ನಾನೇ ಫೋನಲ್ಲಿ ಹೇಳ್ತೀನಿ."

ಫೋನು ಸ್ಪೀಕರಿನಲ್ಲಿತ್ತು. ತಾಲಾಯ್ ಎಲ್ಲವನ್ನೂ ಕೇಳಿಸಿಕೊಂಡ. "ಹೊಸ ವರ್ಷ ಕಳೀಲಿ" ಎಂದು ಹೇಳಿ ಹೊರಟುಹೋದ.

ಪೆರಿಜಾತ್ ಒಬ್ಬಳೇ ನಿಂತು ಯೋಚಿಸಿದಳು. ಹೊಸ ವರ್ಷ ಕಳೆಯುವಷ್ಟರಲ್ಲಿ ಅತ್ತೆ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿರುತ್ತಾಳೆ. ಆಮೇಲೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹೆಂಗಸಲ್ಲ ಅವಳು. ಸಂಜೆ ಬುರುಲ್ಚಾ ಹೊರಟ ಮೇಲೆ, ಅತ್ತೆ ಒಬ್ಬಳೇ ಇದ್ದಾಗ ಹೇಳುವುದು ಎಂದು ಅವಳು ನಿರ್ಧರಿಸಿದಳು. ಗಂಡ ಒಪ್ಪಲಿ, ಬಿಡಲಿ.

ಸಂಜೆಯವರೆಗೆ ಕಾಯಲಾಗಲಿಲ್ಲ.

ಮಧ್ಯಾಹ್ನ ಮಾಂಸ ಬೆಂದು, ನೂಡಲ್ಸಿನ ಮೇಲೆ ಸುರಿದು, ನಾಲ್ವರೂ ಕೂತು ಉಂಡರು. ಚಹಾ ಬಂತು. ಬುರುಲ್ಚಾ ಮಂಡಿ ತಿಕ್ಕಿಕೊಳ್ಳುತ್ತ, ಈ ಚಳಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದಳು. ಜೂರಾಕಾನ್ ಎದ್ದು ಗೂಡಿನಿಂದ ಜರ್ಮನ್ ಡಬ್ಬಿ ತಂದಳು. ಮನೆಗೆ ಬಂದ ಹಿರಿಯರಿಗೆ ಮನೆಯಲ್ಲಿರುವುದರಲ್ಲಿ ಒಳ್ಳೆಯದನ್ನು ಕೊಡದೆ ಕಳಿಸುವ ಪದ್ಧತಿ ಅಲ್ಲಿಲ್ಲ. ಏಪ್ರಿಕಾಟ್ ಬಣ್ಣದ ಉದ್ದನೆಯ ಮಾತ್ರೆಗಳನ್ನು ಅವಳು ನಾದಿನಿಯ ಅಂಗೈಗೆ ಸುರಿದಳು.

"ತಗೋ ಅಕ್ಕ. ನಾನಂತೂ ಇನ್ನು ನುಂಗಲ್ಲ, ವ್ಯರ್ಥವಾಗೋದು ಬೇಡ. ಫಾರಿನ್ನದು. ಬೆಳಿಗ್ಗೆ ಮೂರು, ಸಂಜೆ ಮೂರು, ಊಟ ಆದ್ಮೇಲೆ. ಮಂಡಿಗೂ ಒಳ್ಳೇದೇ ಇರಬೇಕು."

"ಈಗ ಊಟ ಆಯ್ತಲ್ಲ" ಎಂದು ಬುರುಲ್ಚಾ ಮೂರನ್ನು ಎಣಿಸಿಕೊಂಡು ಚಹಾದ ಬಟ್ಟಲು ಎತ್ತಿದಳು.

ಪೆರಿಜಾತ್ ಗಂಡನತ್ತ ನೋಡಿದಳು. ತಾಲಾಯ್ ತಲೆ ತಗ್ಗಿಸಿ ಚಹಾ ಕಲಕತೊಡಗಿದ. ಅವಳು ಮುಂದೆ ಬಾಗಿ ಬುರುಲ್ಚಾಳ ಮುಂಗೈಯನ್ನು ಹಿಡಿದಳು.

"ನುಂಗಬೇಡಿ."

"ಬೆಳಿಗ್ಗೆ ಬಟ್ಟಲು, ಈಗ ಕೈ. ನಿನಗೆ ಇವತ್ತು ಏನಾಗಿದೆಯೇ ಹುಡುಗಿ?"

"ಅದು ವಿಟಮಿನ್ ಅಲ್ಲ ದೊಡ್ಡತ್ತೆ. ಕ್ಯಾನ್ಸರ್ ಮದ್ದು." ನಂತರ ಅತ್ತೆಯ ಕಡೆ ತಿರುಗಿದಳು. "ಅತ್ತೆ, ನಿಮಗೆ ತೆಗೆದದ್ದು ಹುಣ್ಣಲ್ಲ. ಕ್ಯಾನ್ಸರ್ ಗಡ್ಡೆ. ಡ್ರಿಪ್ಪೂ ಅದಕ್ಕೇ. ಅಕ್ಟೋಬರಿಂದ ನಮಗೆ ಗೊತ್ತು."

ಆ ಹೆಸರನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಒಲೆಯಲ್ಲಿ ಬೆರಣಿ ಕುಸಿದು ಕೂತಿತು. ಬುರುಲ್ಚಾ ಅಂಗೈ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ. ತಾಲಾಯ್ "ಅಮ್ಮ" ಎಂದು ಶುರುಮಾಡಿದ. ಜೂರಾಕಾನ್ ಕೈ ಎತ್ತಿ ಅವನನ್ನು ತಡೆದಳು.

ಅವಳು ಬಹಳ ಹೊತ್ತು ಮೇಜುಬಟ್ಟೆಯ ಮೇಲಿನ ರೊಟ್ಟಿಯ ಪುಡಿಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ, ತಾಲಾಯ್‌ನ ಚಿಕ್ಕಪ್ಪನ ಹಾಗೆ ಊಟ ಬಿಟ್ಟರೆ, ಈ ಮನೆ ಅದನ್ನು ತನ್ನ ಹೆಸರಿಗೇ ಬರೆಯುತ್ತದೆ ಎಂಬುದರಲ್ಲಿ ಪೆರಿಜಾತ್‌ಗೆ ಸಂಶಯವಿರಲಿಲ್ಲ.

"ನನ್ನ ಹೊಟ್ಟೆ ಕೊಯ್ದಿದ್ದಾರೆ" ಎಂದಳು ಜೂರಾಕಾನ್ ಕೊನೆಗೆ, ಮಗನನ್ನು ನೋಡುತ್ತ. "ಅದರೊಳಗೆ ಏನಿತ್ತು ಅಂತ ನಿನಗೆ ಗೊತ್ತು, ನಿನ್ನ ಹೆಂಡತಿಗೆ ಗೊತ್ತು, ಬಿಷ್ಕೆಕ್‌ನಲ್ಲಿ ನೆಲ ಒರೆಸೋಳಿಗೂ ಗೊತ್ತಿರಬೇಕು. ನನಗೆ ಗೊತ್ತಿಲ್ಲ. ನಾನೇನು ಸೀಮೆಹಸುವೇನೋ? ಬಾಯಿಗೆ ಹಾಕಿದ್ದು ಮೇಯೋಕೆ?"

"ನೀನು ಹೆದರ್ತೀಯ ಅಂತ..."

"ಹೆದರ್ತೀನಿ. ಈಗಲೂ ಹೆದರಿಕೆ ಆಗ್ತಿದೆ. ಬೆಳಿಗ್ಗೆ ಹಿಮದಲ್ಲಿ ಕೂತಾಗ ಇದಕ್ಕಿಂತ ಜಾಸ್ತಿ ಆಗಿತ್ತು. ಯಾಕೆ ಅಂತ ಗೊತ್ತಿರಲಿಲ್ಲವಲ್ಲ." ಅವಳು ಸೊಸೆಯತ್ತ ತಿರುಗಿದಳು. "ನೀನು ಹೇಳು. ಅದು ಒಳಗೆ ಹೋಗಿ ಏನು ಮಾಡತ್ತೆ?"

ಪೆರಿಜಾತ್ ಪಡಸಾಲೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದಳು. ಮೈಯ ಪ್ರತಿಯೊಂದು ಕಣದೊಳಗೂ ಎರಡೆಳೆ ಹೊಸೆದ ನೂಲು ಇರುತ್ತದೆ. ಕಣ ಒಂದಿದ್ದದ್ದು ಎರಡಾಗಬೇಕಾದರೆ ಆ ಹೊಸೆತ ಬಿಚ್ಚಬೇಕು. ಡ್ರಿಪ್ಪಿನಲ್ಲಿರುವುದು ಪ್ಲಾಟಿನಂ, ಅದು ಹೋಗಿ ನೂಲಿಗೆ ಕಚ್ಚಿಕೊಳ್ಳುತ್ತದೆ.

"ಹಗ್ಗಕ್ಕೆ ಅಡ್ಡ ಹೊಲಿಗೆ ಹಾಕಿದ ಹಾಗೆ" ಎಂದಳು ಜೂರಾಕಾನ್.

"ಹಾಗೇ. ಬಿಚ್ಚೋಕಾಗಲ್ಲ. ಬಿಚ್ಚೋಕಾಗದೆ ಕಣ ಸಾಯತ್ತೆ. ಮಾತ್ರೆ ಕೆಲಸ ಬೇರೆ. ಹೊಸ ನೂಲು ಮಾಡೋಕೆ ಬೇಕಾದ ಎಳೆ ಸಿಗದ ಹಾಗೆ ಮಾಡತ್ತೆ."

"ಒಳ್ಳೆ ಕಣಕ್ಕೆ ಹೊಲಿಗೆ ಬೀಳಲ್ವಾ?"

"ಬೀಳತ್ತೆ. ಮದ್ದಿಗೆ ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಗೊತ್ತಾಗಲ್ಲ. ಬೇಗ ಬೇಗ ಎರಡಾಗೋವಕ್ಕೆ ಜಾಸ್ತಿ ಪೆಟ್ಟು. ಬಾಯಿ ಒಳಗಿನ ಚರ್ಮ, ಕರುಳು, ಮೂಳೆಯೊಳಗೆ ರಕ್ತ ಹುಟ್ಟೋ ಜಾಗ. ನಿಮಗೆ ಬಾಯಿ ಹುಣ್ಣಾಗಿದ್ದು, ಭೇದಿ ಆಗಿದ್ದು, ಅಂಗೈ ಕೆಂಪಗಾಗಿದ್ದು, ಎಲ್ಲ ಈ ಎರಡು ಮದ್ದಿಂದಲೇ. ಒಳ್ಳೇವು ರಿಪೇರಿ ಮಾಡ್ಕೋತವೆ. ಮಧ್ಯೆ ಬಿಡುವು ಕೊಡೋದು ಅದಕ್ಕೇ."

"ಚಳಿ?"

"ಅದು ನರಕ್ಕೆ ಆಗೋದು. ತಣ್ಣಗಿದ್ದದ್ದು ತಾಗಿದ್ರೆ ನರ ಸುಳ್ಳು ಸುದ್ದಿ ಕೊಡತ್ತೆ. ವಾರದಲ್ಲಿ ಇಳಿಯತ್ತೆ. ಆದ್ರೆ ಡ್ರಿಪ್ಪು ಹೆಚ್ಚಾದ ಹಾಗೆ ಬೆರಳು ಜೋಮು ಹಿಡಿದು ಹಾಗೇ ಉಳಿಯಬಹುದು. ಕೆಲವರಿಗೆ ವರ್ಷಗಟ್ಟಲೆ. ಹಾಗೇನಾದ್ರೂ ಶುರುವಾದ್ರೆ ಮೊದಲೇ ಹೇಳಬೇಕಂತೆ, ಪ್ರಮಾಣ ಇಳಿಸ್ತಾರೆ." ಅವಳು ಉಳಿದದ್ದನ್ನೂ ಹೇಳಿದಳು. "ಜ್ವರ ಬಂದ್ರೆ ಒಂದು ಗಂಟೆನೂ ಕಾಯಬಾರದು. ಹಸಿ ಹಾಲಿನ ಕುಮಿಸ್ ಈ ಮದ್ದು ಮುಗಿಯೋವರೆಗೆ ಬೇಡ. ರಕ್ತ ಸೋತಿರೋವಾಗ ಅದರಲ್ಲಿರೋ ಕ್ರಿಮಿಯೇ ಸಾಕು."

"ಕುಮಿಸ್ ಬೇಡವಂತೆ" ಎಂದಳು ಬುರುಲ್ಚಾ, ಯಾರಿಗೂ ಅಲ್ಲದ ಹಾಗೆ.

"ಇಷ್ಟೆಲ್ಲ ಮಾಡಿದ್ರೆ ಹೋಗತ್ತಾ?" ಎಂದು ಜೂರಾಕಾನ್ ಕೇಳಿದಳು.

"ಗಡ್ಡೆ ತೆಗೆದಿದ್ದಾರೆ. ಕಣ್ಣಿಗೆ ಕಾಣದ್ದು ಉಳಿದಿರಬಹುದು ಅಂತ ಇದು. ತಗೊಂಡ್ರೆ ವಾಪಸ್ ಬರೋ ಸಾಧ್ಯತೆ ಕಡಿಮೆ ಅಂದ್ರು. ಬರೋದೇ ಇಲ್ಲ ಅಂತ ಅವರು ಹೇಳಲಿಲ್ಲ. ನಾನೂ ಹೇಳಲ್ಲ."

ಜೂರಾಕಾನ್ ತನ್ನ ಬೆರಳುಗಳನ್ನು ಒಂದೊಂದಾಗಿ ಹೆಬ್ಬೆರಳಿಗೆ ತಾಗಿಸಿ ನೋಡಿದಳು. ಆಮೇಲೆ ಅಂಗೈ ಚಾಚಿದಳು.

"ಕೊಡು ಅಕ್ಕ. ಅದು ನಂದು."

ಬುರುಲ್ಚಾ ಮಾತ್ರೆಗಳನ್ನೆಲ್ಲ ಅವಳ ಕೈಗೆ ಸುರಿದು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು. "ನನ್ನ ಮಂಡಿಗೆ ಇದನ್ನ ಹಾಕ್ತಿದ್ದೆಯಲ್ಲೇ ಮಾರಾಯ್ತಿ" ಎಂದಳು. ಮತ್ತೆ ಹೇಳಿದಳು: "ನಿನ್ನ ಮದುವೆಯಲ್ಲಿ ನಾವು ಬೆಳ್ಳಿ ಬಳೆ ಹಾಕಿದ್ದಕ್ಕೆ ನಿಮ್ಮಮ್ಮ ಮೂಗು ಮುರಿದಿದ್ದರು. ಈಗ ಪ್ಲಾಟಿನಂ ಹಾಕಿಸ್ಕೋತಿದ್ದೀಯ. ಅವರು ಇರಬೇಕಿತ್ತು."

ಜೂರಾಕಾನ್ ನಗಲಿಲ್ಲ, ಆದರೆ ಮೂರು ಮಾತ್ರೆಗಳನ್ನು ಬೇರೆ ತೆಗೆದು ಮೇಜಿನ ಮೇಲಿಟ್ಟಳು.

"ಬೆಳಿಗ್ಗೆದು ತಪ್ಪಿದೆ. ಈಗ ನುಂಗಲಾ?"

"ತಪ್ಪಿದ್ದು ತಪ್ಪಿದ ಹಾಗೆ. ಸಂಜೆದು ಸಂಜೆಗೆ. ಎರಡು ಹೊತ್ತಿಂದು ಒಟ್ಟಿಗೆ ನುಂಗಬಾರದು."

"ಸರಿ." ಅವಳು ಡಬ್ಬಿ ಮುಚ್ಚಿ ಮಗನ ಮುಂದೆ ಸರಿಸಿದಳು. "ಇದರ ಮೇಲಿರೋ ಚೀಟಿ ಕಿತ್ತು ಹಾಕು. ಮದ್ದಿನ ನಿಜವಾದ ಹೆಸರು ದೊಡ್ಡಕ್ಷರದಲ್ಲಿ ಬರೆದು ಅಂಟಿಸು. ಜನವರಿಗೆ ನೀನು ಕಾರು ಓಡಿಸ್ತೀಯ, ಡಾಕ್ಟರ ಹತ್ತಿರ ಮಾತು ನಾನಾಡ್ತೀನಿ. ಪಡಸಾಲೆಗೆ ಯಾರೂ ಹೋಗೋ ಹಾಗಿಲ್ಲ." ಪೆರಿಜಾತ್‌ಗೆ ಅವಳು ಬೇರೆಯೇ ಹೇಳಿದಳು: "ನೀನು ಎರಡು ತಿಂಗಳು ನನಗೆ ಸುಳ್ಳು ಹೇಳಿದೀಯ. ಅದನ್ನ ನಾನು ಮರೆತಿಲ್ಲ. ಈಗ ಏಳು, ಕರುಳು ಹೆಪ್ಪುಗಟ್ಟಿರತ್ತೆ, ಒಳಗೆ ತಗೊಂಡು ಬಾ, ಕರಗಲಿ. ತಣ್ಣೀರಲ್ಲಿ ನೀನು ತೊಳಿ. ನಾನು ಇಲ್ಲಿ ಕೂತು ಹೇಳ್ತೀನಿ."

ಪೆರಿಜಾತ್ ತೊಳೆದಳು. ಕರುಳಿನ ಒಂದು ಗೇಣನ್ನು ನಾಯಿ ತಿಂದಿತ್ತು. ಕೊಬ್ಬಿನ ಭಾಗವನ್ನು ಒಳಮಗ್ಗುಲಿಗೆ ತಿರುಗಿಸುವಾಗ ಎರಡು ಸಲ ಹರಿದಳು, ಎರಡು ಸಲವೂ ಅತ್ತೆಯಿಂದ ಬೈಸಿಕೊಂಡಳು. ಬುರುಲ್ಚಾ ಉಪ್ಪು, ಬೆಳ್ಳುಳ್ಳಿ ಅರೆದು ಕೊಟ್ಟಳು. ತಾಲಾಯ್ ಕಿಟಕಿಯ ಬಳಿ ಕೂತು ಡಬ್ಬಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

ಜನವರಿ ಒಂಬತ್ತರಂದು ಜೂರಾಕಾನ್, ಕಣ್ಣೆರಡು ಬಿಟ್ಟು ಉಳಿದ ಮುಖಕ್ಕೆಲ್ಲ ಶಾಲು ಸುತ್ತಿಕೊಂಡು, ವೈದ್ಯೆಯ ಎದುರು ಕುರ್ಚಿ ಎಳೆದು ಕೂತಳು. ರಕ್ತದಲ್ಲಿ ಬಿಳಿಯ ಕಣಗಳು ಕಡಿಮೆಯಿದ್ದವು. ಅಂದು ಮದ್ದು ಹಾಕಲಾಗದು ಎಂದು ರೋಜಾ ತುರ್ಸುನೊವ್ನಾ ಅವಳಿಗೇ ಹೇಳಿದರು. ಅವಳು ಊರಿಗೆ ಹಿಂತಿರುಗದೆ ಬಿಷ್ಕೆಕ್‌ನಲ್ಲಿ ನೆಂಟರ ಮನೆಯಲ್ಲಿ ಉಳಿದಳು. ಹದಿನಾರನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಮೂರನೆಯ ಡ್ರಿಪ್ಪು ಶುರುವಾಗಿ, ಮಧ್ಯಾಹ್ನ ಮೂರಕ್ಕೆ ಮುಗಿಯಿತು.